ಸಹಿ ಹಾಕೋದಷ್ಟೇನಾ ನನ್ನ ಕೆಲಸ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಊರು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ, ಒಂದರಿಂದ ಐದು. 34 ಮಕ್ಕಳು, ಇಬ್ಬರು ಟೀಚರ್. ಈ ಸಲ ನನ್ನನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ಮಾಡಿದ್ದಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ, ತೋಟದ ಕೆಲಸಕ್ಕೆ ಹೋಗುತ್ತೇನೆ. ಹಿಂದಿನ ಅಧ್ಯಕ್ಷರನ್ನು ಕೇಳಿದರೆ "ಏನಿಲ್ಲ, ಕರೆದಾಗ ಹೋಗಿ ಸಹಿ ಹಾಕು, ಆಗಸ್ಟ್ 15ಕ್ಕೆ ಬಾವುಟದ ಹತ್ತಿರ ನಿಂತುಕೋ" ಅಂದರು. ಸಮಿತಿಯ ಇಬ್ಬರು ಗಂಡಸರು ಮನೆಗೆ 500 ರೂಪಾಯಿ ಎತ್ತಿ ಗೇಟಿಗೆ ಕಮಾನು ಕಟ್ಟಿಸೋಣ ಅಂತಿದ್ದಾರೆ. ಇನ್ನೊಬ್ಬರು ಟೀಚರ್ ಮೇಲೆ ಕಣ್ಣಿಡಬೇಕು ಅಂತಾರೆ. ಈ ವರ್ಷ ನಾಲ್ಕು ಮಕ್ಕಳು ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋದವು. ನಿಜವಾಗಿ ನಾನು ಏನು ಮಾಡಬೇಕು?

ಉತ್ತರ: "ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ" ಅಂತ ಬರೆದಿದ್ದೀರಲ್ಲ, ಆ ಅಳುಕನ್ನು ಮೊದಲು ಬಿಡಿ ತಾಯಿ. ನಾನು ಮೂವತ್ತು ಚಿಲ್ಲರೆ ವರ್ಷ ಹಾಸನ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದವನು. ನಡುವೆ ಕೆಲವು ವರ್ಷ ಸಿಆರ್‌ಪಿಯಾಗಿ (ಸುತ್ತಲಿನ ಶಾಲೆಗಳ ಟೀಚರುಗಳಿಗೆ ನೆರವಾಗುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಸಕಲೇಶಪುರದ ಕಡೆ ಶಾಲೆಯಿಂದ ಶಾಲೆಗೆ ಬೈಕಿನಲ್ಲಿ ತಿರುಗಿದ್ದೇನೆ. ಹೆಬ್ಬೆಟ್ಟು ಒತ್ತುವ ಅಧ್ಯಕ್ಷರು ಶಾಲೆಯನ್ನು ಎತ್ತಿ ನಿಲ್ಲಿಸಿದ್ದನ್ನು ನೋಡಿದ್ದೇನೆ. ಡಿಗ್ರಿ ಮಾಡಿದ ಅಧ್ಯಕ್ಷರು ಮೂರು ವರ್ಷದಲ್ಲಿ ಮೂರು ಸಲವೂ ಶಾಲೆ ಕಡೆ ತಲೆ ಹಾಕದ್ದನ್ನೂ ನೋಡಿದ್ದೇನೆ.

ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಶುರುವಾಗಿದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ ಶಿಕ್ಷಣದ ಬಗ್ಗೆ ಒಂದು ವರದಿ ಕೊಟ್ಟಿತ್ತು, ಅದರ ಬೆನ್ನಿಗೇ ಈ ಸಮಿತಿಗಳು ಬಂದವು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕೆಲಸ ಏನು ಅಂತಲೂ ಅಲ್ಲೇ ಬರೆದಿದೆ. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಹೋಯಿತು ಅಂತ ನೋಡುವುದು. ಸಹಿ ಅನ್ನೋದು ಇವುಗಳ ಬಾಲ ಅಷ್ಟೇ. ಕಮಾನಂತೂ ಎಲ್ಲೂ ಇಲ್ಲ.

ಪೋಷಕರನ್ನು ಅಲ್ಲಿ ಕೂರಿಸಿದ್ದು ಅವರು ಓದಿದವರು ಅಂತಲ್ಲ. ಟೀಚರಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಗೊತ್ತು. ಮಗು ಇವತ್ತು ಯಾಕೆ ಬರಲಿಲ್ಲ ಅನ್ನೋದು. ಟೀಚರ್ ಸಂಜೆ ಬಸ್ ಹತ್ತಿ ಹೋಗಿಬಿಡುತ್ತಾರೆ. ನೀವು ತೋಟದ ಕೆಲಸಗಾರರ ಅದೇ ಲೈನ್ ಮನೆಯ ಪಕ್ಕದಲ್ಲಿ ಇರುತ್ತೀರಿ, ಅದೇ ನಲ್ಲಿಯಲ್ಲಿ ನೀರು ಹಿಡಿಯುತ್ತೀರಿ. ಹಾಗಾಗಿ ಅಧ್ಯಕ್ಷೆಯಾಗಿ ಮೊದಲ ದಿನ ಕೇಳಬೇಕಾದ್ದು ಚೆಕ್ ಪುಸ್ತಕ ಅಲ್ಲ, ಹಾಜರಿ ಪುಸ್ತಕ.

34 ಹೆಸರು ಓದೋದಕ್ಕೆ ಎಷ್ಟು ಹೊತ್ತು? ಹೆಡ್ಮಿಸ್ ಜೊತೆ ಕೂತು ಕಳೆದ ಮೂರು ತಿಂಗಳ ಸಾಲುಗಳ ಮೇಲೆ ಬೆರಳು ಓಡಿಸಿ. ಶೇಕಡಾ ಎಷ್ಟು ಅಂತ ಲೆಕ್ಕ ಹಾಕಬೇಡಿ, ಅದು ಮೇಲಿನವರಿಗೆ ಬೇಕಾದ್ದು. 'ಗೈ' (ಗೈರುಹಾಜರಿ) ಅಂತ ಬಿದ್ದಿರುವ ಚೌಕಗಳು ಎಲ್ಲೆಲ್ಲಿವೆ, ಯಾವ ವಾರ, ಯಾವ ತಿಂಗಳು, ಅದನ್ನು ನೋಡಿ.

ನಾನು ಹೋಗುತ್ತಿದ್ದ ಒಂದು ಶಾಲೆಯಲ್ಲಿ ಮೂರನೇ ತರಗತಿ ಹುಡುಗಿಯೊಬ್ಬಳಿದ್ದಳು. ತಿಂಗಳಿಗೆ ನಾಲ್ಕೇ ದಿನ ತಪ್ಪಿಸುತ್ತಿದ್ದಳು. ನಾಲ್ಕು ದಿನ ತಾನೇ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೆರಳು ಓಡಿಸಿದಾಗ ಗೊತ್ತಾಯಿತು, ಅಷ್ಟೂ ಗುರುವಾರ. ಗುರುವಾರ ಪಕ್ಕದ ಊರಿನ ಸಂತೆ. ಅಮ್ಮ ವಾರದ ಸಾಮಾನಿಗೆ ಹೋದರೆ ಒಂದೂವರೆ ವರ್ಷದ ತಮ್ಮನನ್ನು ಸೊಂಟಕ್ಕೆ ಏರಿಸಿಕೊಳ್ಳುವವಳು ಇವಳೇ. ಆ ಟೀಚರ್ ವಾರದ ಹೊಸ ಲೆಕ್ಕ ಶುರು ಮಾಡುತ್ತಿದ್ದದ್ದೂ ಗುರುವಾರವೇ. ಹುಡುಗಿ ಶುಕ್ರವಾರ ಬಂದು ಮಿಕಿಮಿಕಿ ನೋಡುತ್ತಿದ್ದಳು. "ಅವಳಿಗೆ ಲೆಕ್ಕ ತಲೆಗೆ ಹತ್ತಲ್ಲ ಸಾರ್" ಅಂತ ಹುಡುಗಿಯ ಅಪ್ಪನೇ ನನಗೆ ಹೇಳಿದ್ದರು. ಸಮಿತಿಯಲ್ಲಿದ್ದ ಒಬ್ಬ ಹೆಂಗಸು ಎದುರು ಮನೆಯವರು. "ಗುರುವಾರ ಮಗೂನ ನಮ್ಮನೇಲಿ ಬಿಟ್ಟು ಹೋಗೇ ಮಾರಾಯ್ತಿ, ನಮ್ಮತ್ತೆ ನೋಡ್ಕೊಳ್ತಾರೆ" ಅಂದರು. ಮುಗಿಯಿತು. ಸುತ್ತೋಲೆ ಬೇಕಾಗಲಿಲ್ಲ, ದೇಣಿಗೆ ಬೇಕಾಗಲಿಲ್ಲ. ಆ ಮಾತನ್ನು ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಬಂದು ಹೇಳೋಕಾಗುತ್ತದಾ? ಎದುರು ಮನೆಯವರು ಮಾತ್ರ ಹೇಳಬಹುದು.

ನಿಮ್ಮ ಕಡೆಯ 'ಗೈ'ಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಅರೇಬಿಕಾ ಕಾಫಿ ಹಣ್ಣು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆ ತಿಂಗಳುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಹಣ್ಣು ಕೊಯ್ಯಲು ಹೋಗುತ್ತಾರೆ. ಮಗುವನ್ನು ಎಬ್ಬಿಸಿ, ತಲೆ ಬಾಚಿ ಕಳಿಸುವವರು ಮನೆಯಲ್ಲಿ ಇರಲ್ಲ. ನಾಲ್ಕೈದು ಮನೆಗೆ ಒಬ್ಬರು ಅಜ್ಜಿಯೋ ತಾತನೋ ಸಿಗುತ್ತಾರಲ್ಲ, ಅವರಿಗೆ ಒಪ್ಪಿಸಿ. "ಈ ಆರು ಮಕ್ಕಳನ್ನು ಒಂಬತ್ತಕ್ಕೆ ಹೊರಡಿಸೋದು ನಿಮ್ಮ ಜವಾಬ್ದಾರಿ" ಅಂದರೆ ಅವರಿಗೂ ಖುಷಿ. ಕಾಡಾನೆ ಓಡಾಡುವ ಕಡೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ಗುಂಪಾಗಿ ಬರಲಿ, ಹಿಂದೆ ಮುಂದೆ ಒಬ್ಬೊಬ್ಬರು ದೊಡ್ಡವರಿರಲಿ. ಆನೆ ಬಂದಿರುವ ಮೆಸೇಜು ಯಾರ ಫೋನಿಗೆ ಬಂದರೂ ತಕ್ಷಣ ಹೆಡ್ಮಿಸ್‌ಗೆ ಹೋಗಬೇಕು, ಅದಕ್ಕೊಬ್ಬರನ್ನು ಗೊತ್ತು ಮಾಡಿ. ಜುಲೈ ಮಳೆ ರಜೆಯ ವಿಷಯ ನಿಮಗೆ ಗೊತ್ತೇ ಇದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಹೋದ ದಿನಗಳನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸುತ್ತಾರೆ. ಆ ದಿನ ಟೀಚರ್ ಬಂದು ಕೂತಿರುತ್ತಾರೆ, ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತವೆ! ಇದು ನಮ್ಮ ಕಡೆಯ ತಪ್ಪು, ಅಲ್ವಾ?

ಇನ್ನೊಂದು ಸಾಲು ಹಾಜರಿ ಪುಸ್ತಕದಲ್ಲೇ ಇರಲ್ಲ. ಲೈನ್ ಮನೆಗೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿದರೆ ಎಷ್ಟು ಮಕ್ಕಳಿವೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. "ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ" ಅಂತ ಅವರು ಹಿಂಜರಿಯುತ್ತಾರೆ. ವಯಸ್ಸಿನ ದಾಖಲೆ ಇಲ್ಲ ಅಂತ, ಟಿ.ಸಿ. ಬರೋದು ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಇದನ್ನು ಅವರಿಗೆ ತಿಳಿಸಿ ಹೇಳಿ, ಕೈ ಹಿಡಿದು ಕರೆತನ್ನಿ. ಭಾಷೆ ಬರಲ್ಲ ಅಂತ ಚಿಂತೆ ಬೇಡ. ನಿಮ್ಮ ಶಾಲೆಯ ಅತಿ ವಾಚಾಳಿ ಹುಡುಗ ಯಾರು ನೋಡಿ, ಅವನ ಪಕ್ಕ ಕೂರಿಸಿ. ಮೂರು ತಿಂಗಳಲ್ಲಿ ಆ ಮಗು ಬೈಗುಳ ಸಮೇತ ಕನ್ನಡ ಕಲಿತಿರುತ್ತದೆ.

ಈಗ ಟೀಚರ್ ಮೇಲೆ ಕಣ್ಣಿಡುವ ಮಾತಿಗೆ ಬರೋಣ. 60 ಮಕ್ಕಳವರೆಗೆ ಇಬ್ಬರು ಅನ್ನೋದೇ ಕಾಯ್ದೆಯ ಲೆಕ್ಕ, ಹಾಗಾಗಿ ನಿಮಗೆ ಕಡಿಮೆ ಬಿದ್ದಿಲ್ಲ. ಆದರೆ ಆ ಇಬ್ಬರಲ್ಲಿ ಒಬ್ಬರು ಹೆಡ್ಮಿಸ್. ಒಂದು ದಿನ ಸುಮ್ನೆ ಹೋಗಿ ಅವರ ಬೆಳಿಗ್ಗೆಯನ್ನು ನೋಡಿ. ಬರುವಾಗಲೇ ಕೈಯಲ್ಲಿ ಮೊಟ್ಟೆ ಟ್ರೇ. ಬಂದ ಕೂಡಲೇ ಗ್ಯಾಸ್ ಮುಗಿದಿದೆ ಅಂತ ಅಡುಗೆಯವರು. ಹಾಜರಿ ಹಾಕಿ ಊಟದ ಸಂಖ್ಯೆ ಕಳಿಸಬೇಕು. ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಫೋನು, ಹನ್ನೊಂದಕ್ಕೆ ಮಾಹಿತಿ ಬೇಕು ಅಂತ. ನೆಟ್‌ವರ್ಕ್ ಸಿಗಲ್ಲ, ಗೇಟಿನ ಹತ್ತಿರ ಹೋಗಿ ಕೈ ಎತ್ತಿ ನಿಲ್ಲಬೇಕು. ಒಳಗೆ ಐದೂ ತರಗತಿ ಇನ್ನೊಬ್ಬ ಟೀಚರ್ ಕೈಯಲ್ಲಿ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ 27ನೇ ಕಲಂ ಹೇಳುತ್ತದೆ. ಹೇಳುತ್ತದೆ, ಬಿಡಿ.

ಸಮಿತಿಯವರು ಇಲ್ಲಿ ಕೈ ಹಾಕಬೇಕು. ಮೊಟ್ಟೆ, ತರಕಾರಿ ತರೋದನ್ನು ಪೇಟೆಗೆ ದಿನಾ ಹೋಗಿಬರುವ ಒಬ್ಬ ಸದಸ್ಯರು ವಹಿಸಿಕೊಳ್ಳಲಿ, ಬಿಲ್ ಮಾತ್ರ ಹೆಡ್ಮಿಸ್‌ಗೆ ಕೊಡಲಿ. ಸಿಲಿಂಡರ್ ಇನ್ನೊಬ್ಬರ ಪಾಲಿಗೆ. ನಲ್ಲಿ ಸೋರಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ಬರೆದಿರಲಿ. ಹೀಗೆ ದಿನಕ್ಕೆ ಒಂದು ಗಂಟೆ ಉಳಿಸಿಕೊಟ್ಟರೆ ವರ್ಷಕ್ಕೆ 200 ಗಂಟೆ ಪಾಠ. ಯಾವ ದಾನಿಯೂ ನಿಮ್ಮ ಶಾಲೆಗೆ ಇಷ್ಟು ದೊಡ್ಡ ದೇಣಿಗೆ ಕೊಡಲ್ಲ.

ಹಾಗಂತ ತಡವಾಗಿ ಬರುವ ಟೀಚರನ್ನು ಸುಮ್ಮನೆ ಬಿಡಿ ಅಂತ ನಾನು ಹೇಳ್ತಿಲ್ಲ. ಕೇಳಲೇಬೇಕು. ಕೇಳುವ ರೀತಿ ಇದೆ. ಮೊದಲು ಒಬ್ಬರೇ ಹೋಗಿ, ಮಕ್ಕಳಿಲ್ಲದ ಹೊತ್ತಲ್ಲಿ, "ಏನು ಮೇಡಂ, ಬಸ್ಸಿನ ತೊಂದರೆನಾ?" ಅಂತ ಕೇಳಿ. ಬಹಳ ಸಲ ನಿಜಕ್ಕೂ ಬಸ್ಸಿನದೇ ತೊಂದರೆ ಇರುತ್ತದೆ. ಸರಿ ಹೋಗದಿದ್ದರೆ ಸಮಿತಿ ಸಭೆಯಲ್ಲಿ ಮಾತಾಡಿ, ನಡವಳಿಯಲ್ಲಿ ಬರೆಸಿ. ಆಮೇಲೂ ಆಗದಿದ್ದರೆ ಸಿಆರ್‌ಪಿ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ. ಹೊಡೆಯುವ ಟೀಚರ್ ವಿಷಯದಲ್ಲಿ ಮಾತ್ರ ಕಾಯಬೇಡಿ, ಮಕ್ಕಳಿಗೆ ಹೊಡೆಯುವುದನ್ನು, ಅವಮಾನ ಮಾಡುವುದನ್ನು ಕಾಯ್ದೆ ನಿಷೇಧಿಸಿದೆ.

ಒಂದು ಶಾಲೆಯಲ್ಲಿ ಸದಸ್ಯನೊಬ್ಬ ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಟೀಚರಿನ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ. ಊರೆಲ್ಲ ನೋಡಿ ನಕ್ಕಿತು. ಆಕೆಗೆ ಆ ವಾರ ಜ್ವರ ಇತ್ತು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಗಾವಣೆಯಲ್ಲಿ ಆಕೆ ಹೊರಟು ಹೋದರು. ಆ ಜಾಗಕ್ಕೆ ಎರಡು ವರ್ಷ ಯಾರೂ ಬರಲಿಲ್ಲ. ಬೆಟ್ಟದ ಮೇಲಿನ ಊರಿಗೆ ಟೀಚರ್ ಬರೋದೇ ಕಷ್ಟ, ಇದ್ದವರನ್ನು ಓಡಿಸಿದರೆ ಕೊನೆಗೆ ಬೀಗ ಬೀಳೋದು ನಮ್ಮ ಶಾಲೆಗೇ.

ಪಾಠ ಸರಿಯಾಗಿ ಆಗ್ತಿದೆಯಾ ಅಂತ ನೋಡೋದು ಹೇಗೆ? ತರಗತಿಯಲ್ಲಿ ಹೋಗಿ ಹಿಂದಿನ ಸಾಲಲ್ಲಿ ಕೂರೋದಕ್ಕಿಂತ ಮನೆಯಲ್ಲೇ ನೋಡಬಹುದು. ಅದಕ್ಕೆ ಮೊದಲು ನಲಿಕಲಿ ಬಗ್ಗೆ ಒಂದು ಮಾತು, ಯಾಕೆಂದರೆ ಸಭೆಯಲ್ಲಿ ಈ ದೂರು ಬಂದೇ ಬರುತ್ತದೆ. "ಟೀಚರ್ ಬೋರ್ಡಲ್ಲಿ ಏನೂ ಬರೆಸಲ್ಲ, ಮಕ್ಕಳು ಕೆಳಗೆ ಕೂತು ಕಾರ್ಡಲ್ಲಿ ಆಟ ಆಡ್ತವೆ" ಅಂತ. ಆಟವಲ್ಲ ಅದು. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತವೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನ ಕಾರ್ಡ್ ಹುಡುಕಿ ತಂದು ಕೆಲಸ ಮಾಡುತ್ತದೆ. ಒಂದು ಗುಂಪಿಗೆ ಟೀಚರ್ ಬೇಕೇ ಬೇಕು, ಇನ್ನೊಂದು ಗುಂಪು ಪಕ್ಕದವರ ಸಹಾಯದಲ್ಲಿ ಮಾಡುತ್ತದೆ, ಮತ್ತೊಂದು ತಾನೇ ಮಾಡಿಕೊಳ್ಳುತ್ತದೆ. ಇಬ್ಬರೇ ಟೀಚರ್ ಇರುವ ಶಾಲೆಗೆ ಇದಕ್ಕಿಂತ ಒಳ್ಳೆ ಉಪಾಯ ನನಗಂತೂ ಕಂಡಿಲ್ಲ. ಸಭೆ ಇದ್ದ ದಿನ ಪೋಷಕರನ್ನು ಆ ಕೋಣೆಗೇ ಕರೆದುಕೊಂಡು ಹೋಗಿ, ಗೋಡೆಯ ಪ್ರಗತಿ ನೋಟದಲ್ಲಿ ಅವರವರ ಮಗು ಎಲ್ಲಿದೆ ಅಂತ ಮಗುವಿನ ಕೈಯಲ್ಲೇ ತೋರಿಸಿ. ದೂರು ಅರ್ಧ ಕರಗುತ್ತದೆ.

ಇನ್ನು ಮನೆಯ ಪರೀಕ್ಷೆ. ನಾಲ್ಕು ಅಥವಾ ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು ಒಂದು ಪ್ಯಾರಾ ಓದಿಸಿ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು ಓದಿಸಿ ನೋಡುವುದೂ ಹೆಚ್ಚುಕಡಿಮೆ ಹೀಗೇ. ಓದುವಾಗ ಕಿವಿ ಕೊಡಿ. ಮಗು ಅಕ್ಷರ ಅಕ್ಷರ ಬಿಡಿಸಿ "ಅ... ಮ್ಮ..." ಅಂತಿದೆಯಾ, ಪದವನ್ನು ಒಂದೇ ಏಟಿಗೆ ಹಿಡಿಯುತ್ತದಾ, ಒತ್ತಕ್ಷರ ಬಂದಾಗ ಗಪ್ಪಂತ ನಿಲ್ಲುತ್ತದಾ? ಸಾಮಾನ್ಯವಾಗಿ ನಿಲ್ಲೋದೇ ಅಲ್ಲಿ. 'ಎತ್ತು' ಓದುವ ಮಗು 'ಅಗತ್ಯ' ಅನ್ನೋದನ್ನು ಊಹೆಯ ಮೇಲೆ 'ಅಗತ' ಅಂದುಬಿಡುತ್ತದೆ. ಹಾಗೆ ಯಾವ ಮಗು ಎಲ್ಲಿ ನಿಂತಿತು ಅಂತ ಟೀಚರಿಗೆ ಹೇಳಿ. ದೂರಿನ ಧಾಟಿಯಲ್ಲಿ ಬೇಡ, ಸುದ್ದಿ ಹೇಳಿದ ಹಾಗೆ ಹೇಳಿ. ಒಳ್ಳೆ ಟೀಚರಿಗೆ ಇದರಂಥ ಸಹಾಯ ಇನ್ನೊಂದಿಲ್ಲ.

ಓದಲು ಬಾರದ ಪೋಷಕರೇ ಜಾಸ್ತಿ ಅಂತೀರಾ? ಆಗಲಿ. ಓದು ಬಾರದ ಅಮ್ಮ ಮಗುವಿನ ಮುಂದೆ ಕೂತು "ನಂಗೆ ಓದಿ ಹೇಳು" ಅಂದರೆ ಸಾಕು. ಮಗುವಿಗೆ ತಾನೇ ಟೀಚರ್ ಆದ ಹಾಗೆ. ಉಪ್ಪಿನ ಪ್ಯಾಕೆಟ್, ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಚೀಟಿ, ಯಾವುದಾದರೂ ಆಗುತ್ತದೆ. ಲೆಕ್ಕಕ್ಕಂತೂ ನಿಮ್ಮ ಕಣದಷ್ಟು ಒಳ್ಳೆ ಜಾಗ ಇಲ್ಲ. ಇವತ್ತು ಅಮ್ಮ ಕೊಯ್ದ ಹಣ್ಣು 64 ಕೆ.ಜಿ. ತೂಗಿತು, ಕೆ.ಜಿ.ಗೆ 5 ರೂಪಾಯಿ ಅಂದುಕೊಳ್ಳಿ. ಎಷ್ಟಾಯಿತು? ನಿನ್ನೆಗಿಂತ ಎಷ್ಟು ಜಾಸ್ತಿ? ರೈಟರ್ ಬರೆದುಕೊಂಡಿದ್ದು ಸರಿ ಇದೆಯಾ? ನಾಲ್ಕನೇ ತರಗತಿ ಹುಡುಗ ರೈಟರ್ ಪುಸ್ತಕದಲ್ಲಿ ತಪ್ಪು ಹಿಡಿದ ದಿನ ಅವನಿಗೆ ಗುಣಾಕಾರ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಹತ್ತಿರ ಇದ್ದರೆ ಶನಿವಾರ ಮಧ್ಯಾಹ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ ಯಾರಾದರೊಬ್ಬರು.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ನಾವೆಲ್ಲ ಸಿಹಿ ಹಂಚಿದೆವು. ಆದರೆ ಹತ್ತನೇ ತರಗತಿಯಲ್ಲಿ ರಾತ್ರಿ ಪಾಠ ಮಾಡಿ ಒದ್ದಾಡೋದೆಲ್ಲ ಮೂರನೇ ತರಗತಿಯಲ್ಲಿ ಒತ್ತಕ್ಷರದ ಹತ್ತಿರ ನಿಂತುಬಿಟ್ಟ ಮಕ್ಕಳಿಗಾಗಿಯೇ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು.

ಬಿಸಿಯೂಟದ ವಿಷಯದಲ್ಲಿ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಒಂದು ಲೆಕ್ಕ ಕೈಯಲ್ಲಿ ಇರಲಿ. ಐದನೇ ತರಗತಿವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಇವತ್ತು 30 ಮಕ್ಕಳು ಬಂದಿದ್ದರೆ 3 ಕೆ.ಜಿ. ಅಕ್ಕಿ, 600 ಗ್ರಾಂ ಬೇಳೆ, ಒಂದೂವರೆ ಕೆ.ಜಿ. ತರಕಾರಿ. ಸೌಟು ಎತ್ತಿ ಸುರಿದರೆ ಸಾರಿನಲ್ಲಿ ಬೇಳೆ ಇದೆಯಾ ನೀರಿದೆಯಾ ಅಂತ ನಿಮಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ವಾರಕ್ಕೆ ಒಬ್ಬ ತಾಯಿ ಸರದಿ ಪ್ರಕಾರ ಬಂದು ಮಕ್ಕಳ ಜೊತೆಗೇ ಕೂತು ಉಣ್ಣಲಿ. ತಪಾಸಣೆ ಅಂತ ಬೇರೆ ಹೆಸರು ಬೇಡ, ಊಟಕ್ಕೆ ಬಂದೆ ಅನ್ನಲಿ. ಮಲೆನಾಡಲ್ಲಿ ಅಕ್ಕಿ ಚೀಲ ನೆಲಕ್ಕೆ ತಾಗಿದರೆ ಜುಲೈ ಹೊತ್ತಿಗೆ ಮುಗ್ಗಲು ವಾಸನೆ ಗ್ಯಾರಂಟಿ, ಕೆಳಗೆ ಹಲಗೆ ಹಾಕಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿಸಿ. ಕ್ಷೀರಭಾಗ್ಯದ ಹಾಲಿನ ಪುಡಿಗೂ ಅದೇ ಮಾತು, ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಡಬ್ಬಿ ಬೇಕು. ಅಡುಗೆಯವರ ಹತ್ತಿರ ಜೋರು ಮಾಡಬೇಡಿ. ಅವರಿಗೆ ಸಿಗುವ ಗೌರವಧನ ನೋಡಿದರೆ ನಿಮಗೇ ನಾಚಿಕೆ ಆಗುತ್ತದೆ.

ದುಡ್ಡಿನ ವಿಷಯ ಕೊನೆಗೆ ಇಟ್ಟಿದ್ದು ಬೇಕಂತಲೇ.

ಸರ್ಕಾರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದಿಂದ ವರ್ಷಕ್ಕೆ ಒಂದು ಶಾಲಾ ಅನುದಾನ ಇದೆ. ಮಕ್ಕಳ ಸಂಖ್ಯೆ 30ರ ಒಳಗಿದ್ದರೆ 10,000 ರೂಪಾಯಿ, 30 ದಾಟಿ 100ರವರೆಗೆ 25,000 ಅನ್ನೋದು ಅದರ ಮಾನದಂಡ. ನಿಮ್ಮದು 34. ಇನ್ನು ಐದು ಮಕ್ಕಳು ವ್ಯಾನ್ ಹತ್ತಿದರೆ ಏನಾಗುತ್ತದೆ ಅಂತ ನೀವೇ ನೋಡಿ. ಅದರಲ್ಲಿ ಕನಿಷ್ಠ ಶೇಕಡಾ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಚಾಕ್‌ಪೀಸಿನಿಂದ ಕರೆಂಟ್ ಬಿಲ್‌ವರೆಗೆ ಎಲ್ಲ ಇದರಲ್ಲೇ. ಹಾಗಾಗಿ ಹೆಡ್ಮಿಸ್ ದುಡ್ಡು ತಿಂದರು ಅಂತ ಮಾತಾಡುವವರಿಗೆ ಮೊದಲು ಕ್ಯಾಶ್ ಬುಕ್ ತೋರಿಸಿ, ತಿನ್ನೋದಕ್ಕೆ ಅಲ್ಲಿ ಏನಿದೆ ಅಂತ ಗೊತ್ತಾಗಲಿ. ಆದರೆ ನೀವು ಖಾಲಿ ಚೆಕ್ಕಿಗೆ, ಖಾಲಿ ವೋಚರಿಗೆ, ಬರೆಯದ ನಡವಳಿ ಪುಟಕ್ಕೆ ಮಾತ್ರ ಸಹಿ ಹಾಕಬೇಡಿ. "ನಂಬಿಕೆ ಇಲ್ವಾ ಅಮ್ಮ?" ಅಂತ ಯಾರಾದರೂ ಅಂದರೆ, "ನಂಬಿಕೆ ಇದೆ ಮೇಡಂ, ಓದಿ ಹಾಕ್ತೀನಿ" ಅನ್ನಿ. ಮೊದಲ ಸಲ ಮುಜುಗರ ಆಗುತ್ತದೆ, ಎರಡನೇ ಸಲ ಅವರೇ ಓದಿ ಹೇಳುತ್ತಾರೆ.

ಮನೆಗೆ 500 ಎತ್ತುವುದು ಬೇಡ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು, ನೆನಪಿದೆಯಾ? ರಾಜ್ಯವೆಲ್ಲ ಗಲಾಟೆಯಾಗಿ ಕೆಲವೇ ದಿನಗಳಲ್ಲಿ ವಾಪಸ್ ಹೋಯಿತು. ಲೈನ್ ಮನೆಯ ತಾಯಿಗೆ 500 ಅಂದರೆ ಒಂದು ದಿನದ ಕೂಲಿಗಿಂತ ಜಾಸ್ತಿ. ಕೊಡಲಾಗದ ಮನೆಯವರು ಸಭೆಗೆ ಬರೋದನ್ನೇ ಬಿಡುತ್ತಾರೆ, ಆಮೇಲೆ ಅವರ ಮಗು ಶಾಲೆಗೆ ಬರೋದನ್ನು ಬಿಡುತ್ತದೆ.

ಕಮಾನಿನ ವಿಷಯ ನಾನು ಅನುಭವಿಸಿ ಹೇಳ್ತಿದ್ದೇನೆ. ನಾನೇ ಹೆಡ್ಮೇಷ್ಟ್ರಾಗಿದ್ದಾಗ ಊರವರ ಉತ್ಸಾಹಕ್ಕೆ ಹೂಂ ಅಂದೆ. ಸರಸ್ವತಿ ಚಿತ್ರ, ದಾನಿಗಳ ಹೆಸರು, ಎರಡು ಕಡೆ ಆನೆ. ಬಹಳ ಚೆನ್ನಾಗಿತ್ತು. ಅದೇ ವರ್ಷ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪ್ ಇರಲಿಲ್ಲ. ಐದನೇ ತರಗತಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಸಂಜೆ ಮನೆಗೆ ಓಡುತ್ತಿದ್ದರು, ಆ ಕಮಾನಿನ ಕೆಳಗೇ. ಇದನ್ನು ನನಗೆ ಹೇಳಿದ್ದು ಒಬ್ಬ ಅಡುಗೆಯವರು, ಅದೂ ಆರು ತಿಂಗಳಾದ ಮೇಲೆ. ಅಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅದಕ್ಕೇ ಹೇಳೋದು, ಸಮಿತಿಯಲ್ಲಿ ಅರ್ಧ ಹೆಂಗಸರು ಇರಬೇಕು ಅನ್ನೋದು ಲೆಕ್ಕ ತುಂಬಿಸೋಕಲ್ಲ.

ಕಟ್ಟಡ, ಕಾಂಪೌಂಡ್, ಶೌಚಾಲಯದಂಥ ದೊಡ್ಡ ಕೆಲಸಕ್ಕೆ ಪಂಚಾಯಿತಿಗೆ ಹೋಗಿ. ಉದ್ಯೋಗ ಖಾತರಿಯಲ್ಲಿ ನಮ್ಮ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡ್, ಆಟದ ಮೈದಾನ ಆಗಿವೆ. ಬರಿಗೈಯಲ್ಲಿ ಹೋಗಬೇಡಿ. 22ನೇ ಕಲಂ ಪ್ರಕಾರ ಸಮಿತಿ ಮಾಡಬೇಕಾದ ಶಾಲಾ ಅಭಿವೃದ್ಧಿ ಯೋಜನೆ ಅಂತ ಹೇಳಿದೆನಲ್ಲ, ಅದನ್ನು ಹಳೆಯದರ ನಕಲು ಮಾಡದೆ ನಿಜವಾಗಿ ಬರೆಸಿ, ನಡವಳಿ ಜೊತೆಗೆ ಕೊಡಿ. ಮಕ್ಕಳ ಗ್ರಾಮಸಭೆ ನಡೆದಾಗ ನಿಮ್ಮ ಐದನೇ ತರಗತಿಯವರೇ ಎದ್ದು "ನಮಗೆ ನಲ್ಲಿ ಬೇಕು" ಅನ್ನಲಿ. ಮಗು ಕೇಳಿದ್ದನ್ನು ಪಂಚಾಯಿತಿ ಅಧಿಕಾರಿ ಪಿಡಿಒ ಅಷ್ಟು ಸುಲಭವಾಗಿ ತಳ್ಳಿಹಾಕಲ್ಲ.

ವ್ಯಾನ್ ಹತ್ತಿದ ನಾಲ್ಕು ಮಕ್ಕಳ ಮನೆಯವರ ಮೇಲೆ ಸಿಟ್ಟು ಬೇಡ. ಇಂಗ್ಲಿಷ್ ಬೇಕು ಅನ್ನೋದು ತಪ್ಪು ಆಸೆಯಲ್ಲ. ನಮ್ಮ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಪಾಠ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತೇ ಇರಲ್ಲ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾಗಿವೆ, ನಿಮ್ಮ ಹತ್ತಿರ ಎಲ್ಲಿದೆ ಅಂತ ಸಿಆರ್‌ಪಿಯನ್ನು ಕೇಳಿ. ಹೋದವರನ್ನು ಭಾಷಣ ಮಾಡಿ ಕರೆಯೋದಕ್ಕಿಂತ, ಇಲ್ಲಿರುವ ಮೂರನೇ ತರಗತಿ ಮಗು ಸಂಜೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದೋದು ಪಕ್ಕದ ಮನೆಗೆ ಕೇಳಲಿ.

ಮೊದಲ ಸಭೆ ಯಾವತ್ತು ಇಡಬೇಕು ಅಂದರೆ, ತೋಟಕ್ಕೆ ರಜೆ ಇರುವ ದಿನ ನೋಡಿ ಇಡಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆಯಾದರೆ ಹೆಡ್ಮಿಸ್‌ಗೆ ವಾಪಸ್ ಹೋಗುವ ಬಸ್ ಯಾವುದು ಅಂತಲೂ ನೋಡಿಕೊಳ್ಳಿ, ತಪ್ಪಿದರೆ ಯಾರಾದರೂ ಬೈಕಲ್ಲಿ ಬಿಡಲಿ. ಎಲ್ಲರೂ ಬೆಂಚಿನ ಮೇಲೆ ಅಥವಾ ಎಲ್ಲರೂ ಚಾಪೆ ಮೇಲೆ ಕೂರಲಿ. ಅಧ್ಯಕ್ಷರಿಗೊಂದು ಕುರ್ಚಿ, ಉಳಿದವರು ನಿಂತುಕೊಂಡು, ಹಾಗಾದರೆ ಯಾರೂ ಬಾಯಿ ಬಿಡಲ್ಲ.

ಆ ಕಮಾನಿನ ಇಬ್ಬರಿಗೆ ಬೇಡ ಅಂದು ಸುಮ್ಮನೆ ಕೂರಿಸಬೇಡಿ, ಮುನಿಸಿಕೊಂಡುಬಿಡುತ್ತಾರೆ. ಉತ್ಸಾಹ ಇರುವ ಜನ. ನಿಮ್ಮ ಶಾಲೆಯದು ಹೆಂಚಿನ ಮಾಡೇ ತಾನೇ? ಮೇ ತಿಂಗಳಲ್ಲಿ, ಮೊದಲ ಮಳೆ ಹಿಡಿಯುವ ಮುಂಚೆ, ಅವರಿಬ್ಬರಿಗೆ ಮಾಡಿನ ಕೆಲಸ ಒಪ್ಪಿಸಿ. ಒಡೆದ ಹೆಂಚು ಬದಲಾಯಿಸೋದು, ಮೇಲೆ ಚಾಚಿದ ಮರದ ಕೊಂಬೆ ಕಡಿಸೋದು, ಅಂಗಳದ ಪಾಚಿ ಉಜ್ಜಿಸೋದು, ಒದ್ದೆ ಕೊಡೆ ತೂಗುಹಾಕಲು ಜಗಲಿಯಲ್ಲಿ ಒಂದು ತಂತಿ ಕಟ್ಟೋದು. ತೋಟದ ಏಣಿ ಕೇಳಿದರೆ ಸಾಹುಕಾರರು ಇಲ್ಲ ಅನ್ನಲ್ಲ. ಹತ್ತಿಪ್ಪತ್ತು ಹೆಂಚು ಜಾಸ್ತಿಯೇ ತರಿಸಿ ಅಡುಗೆ ಕೋಣೆಯ ಹಿಂದೆ ಜೋಡಿಸಿಟ್ಟಿರಿ, ಜುಲೈ ಗಾಳಿಗೆ ಮತ್ತೆ ಬೇಕಾಗುತ್ತದೆ.